ಹುಕುಮಿಲ್ಲದ ನೆಲಕ್ಕೆ ಒಡೆಯನಾರು?

ನಮ್ಮ ಕಂದಾಯ ಇಲಾಖೆಯ ದಫ್ತರಗಳಲ್ಲಿ ‘ಬಗರ್ ಹುಕುಂ’ ಎಂಬ ಮಾತೊಂದು ಬಹುಕಾಲದಿಂದ ನೆಲೆಯೂರಿದೆ. ಪಾರಸಿಯ ದಾರಿಯಿಂದ ಕನ್ನಡಕ್ಕೆ ಬಂದ ಈ ಮಾತಿನ ಅರ್ಥ ‘ಹುಕುಂ ಇಲ್ಲದೆ’, ‘ಅಪ್ಪಣೆಯಿಲ್ಲದೆ’ ಎಂದು. ಸರಕಾರದ ಅಪ್ಪಣೆ ಪಡೆಯದೆ ಸರಕಾರಿ ಭೂಮಿಯಲ್ಲಿ ನಡೆಸಿದ ಸಾಗುವಳಿಗೆ ಅದು ಹೆಸರಾಗಿದೆ. ಗ್ರೀಕ್ ಭಾಷೆಯಿಂದ ಹುಟ್ಟಿ, ಯೂರೋಪಿನ ರಾಜಕೀಯದಲ್ಲಿ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಗದ್ದಲವೆಬ್ಬಿಸಿದ ‘ಅನಾರ್ಕಿ’ ಎಂಬ ಮಾತಿನ ಮೂಲಾರ್ಥವೂ ಇದಕ್ಕೆ ಹತ್ತಿರದ್ದೇ: ಆಳುವವನಿಲ್ಲದ ಸ್ಥಿತಿ. ಒಂದು ತಾಲ್ಲೂಕು ಕಚೇರಿಯ ಮಾತು, ಇನ್ನೊಂದು ತತ್ತ್ವಚಿಂತಕರ ಮಾತು. ಇವೆರಡನ್ನೂ ಪಕ್ಕಪಕ್ಕದಲ್ಲಿರಿಸುವುದು ಕೇವಲ ಶಬ್ದವಿನೋದವೆಂದು ತೋರಬಹುದು. ಆದರೆ ಕಾಫಿಯ ಸೀಮೆಯಲ್ಲಿ ಇಂದು ಎದ್ದಿರುವ ಒಂದು ವಿವಾದವನ್ನು ಸರಿಯಾಗಿ ತಿಳಿಯಬೇಕಾದರೆ ಈ ಎರಡು ಮಾತುಗಳೂ ಬೇಕೆಂಬುದು ಈ ಲೇಖನದ ಅಭಿಪ್ರಾಯ.

ವಿವಾದವಿದು. ೨೦೨೨ರ ಕೊನೆಯಲ್ಲಿ ನಮ್ಮ ವಿಧಾನಮಂಡಲ ಭೂಕಂದಾಯ ಕಾಯಿದೆಗೆ ಒಂದು ತಿದ್ದುಪಡಿಯನ್ನು ಅಂಗೀಕರಿಸಿತು. ಕೊಡಗು, ಚಿಕ್ಕಮಗಳೂರು, ಹಾಸನ ಮೊದಲಾದ ಕಾಫಿಯ ಜಿಲ್ಲೆಗಳಲ್ಲಿ ಸರಕಾರದ ಕಂದಾಯ ಭೂಮಿಯನ್ನು ಒತ್ತುವರಿ ಮಾಡಿ ತೋಟದ ಬೆಳೆ ಬೆಳೆದವರಿಗೆ, ಆ ಭೂಮಿಯನ್ನು ೨೫ ಎಕರೆಯ ಮಿತಿಯೊಳಗೆ ೩೦ ವರ್ಷಗಳ ಗುತ್ತಿಗೆಗೆ ಕೊಡಲು ಅದು ಅವಕಾಶ ಮಾಡಿತು. ಹಾಸನದಿಂದ ಸಕಲೇಶಪುರವನ್ನು ದಾಟಿ ಬರುವ ಮಂಗಳೂರಿನ ಹೆದ್ದಾರಿ ಮಾರನಹಳ್ಳಿಯಲ್ಲಿ ಗುಡ್ಡದ ನೆತ್ತಿಯನ್ನು ಬಿಟ್ಟು ಶಿರಾಡಿ ಘಾಟಿಗೆ ಇಳಿಯತೊಡಗುತ್ತದೆ. ಆ ಮಾರನಹಳ್ಳಿಯ ಆಸುಪಾಸಿನಿಂದ ಆಲೂರಿನ ಗುಡ್ಡಗಳವರೆಗೆ ಹಬ್ಬಿದ ಸೀಮೆಯಲ್ಲಿ ಮರದ ನೆರಳಿನಡಿ ಕಾಫಿ, ಕಣಿವೆಯಲ್ಲಿ ಗದ್ದೆ, ತೋಟದ ಅಂಚಿನಲ್ಲಿ ಕೂಲಿಕಾರರ ಲೈನ್‌ಮನೆ. ಇಲ್ಲಿ ಪಟ್ಟೆಯ ಗಿಡವೆಲ್ಲಿ ಮುಗಿಯಿತು, ಒತ್ತುವರಿಯ ಗಿಡವೆಲ್ಲಿ ಮೊದಲಾಯಿತು ಎಂಬುದು ನೋಡುವ ಕಣ್ಣಿಗೆ ಕಾಣುವಂಥದಲ್ಲ. ನಕ್ಷೆಗೆ ಮಾತ್ರ ಗೊತ್ತು. ಆದ್ದರಿಂದಲೇ ಈ ತಿದ್ದುಪಡಿ ಇಲ್ಲಿನ ಜನರನ್ನು ಕಲಕಿದೆ.

ಬೆಳೆಗಾರನ ವಾದವನ್ನು ಮೊದಲು ಕೇಳೋಣ. ಪಾಳುಬಿದ್ದಿದ್ದ ಗುಡ್ಡವನ್ನು ಕಡಿದು, ಗುಂಡಿ ತೋಡಿ, ಸಸಿ ನೆಟ್ಟು, ಹೂಮಳೆಗಾಗಿ ವರ್ಷವರ್ಷವೂ ಆಕಾಶ ನೋಡಿದವನು ತಾನು. ಈ ದುಡಿಮೆಯಲ್ಲಿ ಯಾವ ಪಾಲೂ ಇಲ್ಲದ ಸರಕಾರ ಗುತ್ತಿಗೆಯ ಹಣ ಕೇಳುವುದು ಯಾವ ನ್ಯಾಯ? ಭೂಮಿಯಿಲ್ಲದವನ ವಾದ ಬೇರೆ. ಮನೆಯ ನಿವೇಶನಕ್ಕಾಗಿ, ಒಂದೆರಡು ಎಕರೆಯ ಬಗರ್ ಹುಕುಂ ಸಾಗುವಳಿಯ ಸಕ್ರಮಕ್ಕಾಗಿ ವರ್ಷಾನುಗಟ್ಟಲೆ ಕಚೇರಿಯ ಮೆಟ್ಟಿಲು ಹತ್ತಿಳಿದವನು ತಾನು. ಮೊದಲೇ ಭೂಮಿಯುಳ್ಳವನಿಗೆ ಇಪ್ಪತ್ತೈದು ಎಕರೆಯನ್ನು ಕಾಯಿದೆಯೇ ಎತ್ತಿಕೊಡುವುದು ಯಾವ ನ್ಯಾಯ? ಇಬ್ಬರ ಮಾತಿನಲ್ಲಿಯೂ ಸರಕಾರದ ಮೇಲೆ ಮುನಿಸಿದೆ. ಇಬ್ಬರೂ ‘ಈ ಹುಕುಂ ಕೊಡುವುದಕ್ಕೆ ನೀನಾರು?’ ಎಂದು ಕೇಳುತ್ತಿದ್ದಾರೆ. ಆದರೆ ಒಬ್ಬನು ಕೇಳುವುದು ತನ್ನ ಒಡೆತನವನ್ನು ಉಳಿಸಿಕೊಳ್ಳಲು; ಇನ್ನೊಬ್ಬನು ಕೇಳುವುದು ಒಡೆತನವನ್ನೇ ಪ್ರಶ್ನಿಸಲು. ಅರಾಜಕವಾದವೆಂಬ ವಿಚಾರಧಾರೆ ಹುಟ್ಟಿದಂದಿನಿಂದ ಅದನ್ನು ಸೀಳುತ್ತ ಬಂದಿರುವ ಬಿರುಕೂ ಇದೇ ಆಗಿದೆ.

ಅರಾಜಕ ಎಂಬ ಮಾತು ನಮ್ಮ ವೃತ್ತಪತ್ರಿಕೆಗಳಲ್ಲಿ ಗಲಭೆಗೆ ಪರ್ಯಾಯವಾಗಿ ಸವೆದುಹೋಗಿದೆ. ಅದಕ್ಕೆ ಆಧಾರವಿಲ್ಲದಿಲ್ಲ. ಅರಸನಿಲ್ಲದ ನಾಡಿನಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆಂಬ ಮಾತ್ಸ್ಯನ್ಯಾಯದ ಭಯ ನಮ್ಮ ರಾಜನೀತಿಯಲ್ಲಿ ಹಳೆಯದು. ಆದರೆ ಅದೇ ಶಾಂತಿಪರ್ವದಲ್ಲಿ ಭೀಷ್ಮನು ಧರ್ಮರಾಯನಿಗೆ ಬೇರೊಂದು ಕಾಲವನ್ನೂ ನೆನಪಿಸುತ್ತಾನೆ: ರಾಜ್ಯವೂ ಇಲ್ಲದ, ರಾಜನೂ ಇಲ್ಲದ, ದಂಡವೂ ದಂಡಿಸುವವನೂ ಇಲ್ಲದ, ಜನರು ಧರ್ಮದಿಂದಲೇ ಒಬ್ಬರನ್ನೊಬ್ಬರು ಕಾಯ್ದುಕೊಂಡ ಕಾಲ. ಯೂರೋಪಿನ ಅರಾಜಕವಾದಿಗಳು ಹಂಬಲಿಸಿದ್ದು ಈ ಎರಡನೆಯ ಚಿತ್ರಕ್ಕೆ. ಅವರ ಮೇಲೆ ಬಂದ ಆರೋಪ ಮೊದಲನೆಯ ಚಿತ್ರದ್ದು. ಹಾಗಾದರೆ ನುಂಗುವ ಮೀನು ಯಾವುದು? ಪ್ರಭುತ್ವವೊಂದೆಯೆ, ಬಂಡವಳವೂ ಅದರೊಡನೆ ಸೇರಿದೆಯೆ? ಈ ಪ್ರಶ್ನೆಗೆ ಅವರು ಒಂದೇ ಉತ್ತರವನ್ನು ಕೊಡಲಿಲ್ಲ.

ತನ್ನನ್ನು ಅರಾಜಕವಾದಿಯೆಂದು ಮುದ್ರಣದಲ್ಲಿ ಮೊದಲು ಕರೆದುಕೊಂಡವನು ಫ್ರಾನ್ಸಿನ ಪ್ರೂಧೊನ್. ಬಡ ಮನೆಯಲ್ಲಿ ಹುಟ್ಟಿ, ಅಚ್ಚುಮೊಳೆ ಜೋಡಿಸಿ ಬದುಕಿದ ಈತನು ೧೮೪೦ರಲ್ಲಿ ಸ್ವತ್ತೆಂದರೇನು ಎಂಬ ಪ್ರಶ್ನೆಯನ್ನೇ ಹೆಸರಾಗಿಟ್ಟು ಒಂದು ಗ್ರಂಥವನ್ನು ಬರೆದು, ಸ್ವತ್ತೆಂದರೆ ಕಳವು ಎಂದು ಸಾರಿದನು. ಆ ಮಾತಿನ ಸಿಡಿಲಬ್ಬರದಲ್ಲಿ ಅವನು ಮಾಡಿದ ಒಂದು ಸೂಕ್ಷ್ಮ ಭೇದ ಅನೇಕರಿಗೆ ಕೇಳಿಸದೆ ಹೋಯಿತು. ತಾನೇ ಉಳುವ ನೆಲವನ್ನು, ತಾನೇ ಹಿಡಿಯುವ ಹತಾರವನ್ನು ಒಬ್ಬನು ಇರಿಸಿಕೊಂಡಿರುವುದು ಅನುಭೋಗ. ತಾನು ಉಳದೆ, ಉಳುವವನಿಂದ ಗೇಣಿಯನ್ನೋ ಲಾಭವನ್ನೋ ಎತ್ತುವ ಅಧಿಕಾರ ಒಡೆತನ. ಮೊದಲನೆಯದು ಸ್ವಾತಂತ್ರ್ಯಕ್ಕೆ ಆಧಾರ, ಎರಡನೆಯದು ದಾಸ್ಯಕ್ಕೆ ಮೂಲ. ಈ ಬಗೆಯ ಭೇದ ನಮಗೆ ತೀರ ಹೊಸದಲ್ಲ. ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನೂ ಆಗಮವೆಂದರೇನು, ಭೋಗವೆಂದರೇನು, ಒಂದಿದ್ದು ಇನ್ನೊಂದಿಲ್ಲದಿದ್ದರೆ ಯಾವುದಕ್ಕೆ ಬಲ ಎಂಬುದನ್ನು ದೀರ್ಘವಾಗಿ ವಿಚಾರಿಸಿದ್ದಾನೆ. ಇಂದಿಗೂ ನಮ್ಮ ಪತ್ರಗಳಲ್ಲಿ ‘ಸ್ವಾಧೀನಾನುಭವ’ ಎಂಬ ಮಾತು ನಿಂತಿದೆ.

ಪ್ರೂಧೊನ್ ಸಂತೆಯನ್ನು ದ್ವೇಷಿಸಲಿಲ್ಲ. ಸಣ್ಣ ಉತ್ಪಾದಕರು ತಮ್ಮತಮ್ಮೊಳಗೆ ಸಮನಾಗಿ ವಿನಿಮಯ ಮಾಡಿಕೊಳ್ಳಲಿ, ಬಡ್ಡಿಯಿಲ್ಲದ ಸಾಲಕ್ಕೆ ಜನರದೇ ಬ್ಯಾಂಕಿರಲಿ ಎಂಬುದು ಅವನ ಪರಸ್ಪರವಾದ. ಅವನ ದಾರಿಯಲ್ಲಿಯೇ ಅಮೆರಿಕದಲ್ಲಿ ಬೆಂಜಮಿನ್ ಟಕರನು ೧೮೮೧ರಿಂದ ಒಂದು ಪತ್ರಿಕೆಯನ್ನು ನಡೆಸಿದನು. ಹಣ, ಭೂಮಿ, ಸುಂಕ, ಪೇಟೆಂಟು, ಈ ನಾಲ್ಕು ಏಕಸ್ವಾಮ್ಯಗಳನ್ನು ಸರಕಾರ ಕಾಪಾಡುತ್ತಿರುವುದರಿಂದಲೇ ಬಂಡವಳಶಾಹಿ ಬದುಕಿದೆ, ಇವನ್ನು ತೆಗೆದರೆ ಬಡ್ಡಿ, ಗೇಣಿ, ಲಾಭಗಳು ತಾವಾಗಿಯೇ ಕರಗುತ್ತವೆ ಎಂಬುದು ಅವನ ನಂಬಿಕೆ. ಮುಕ್ತ ವ್ಯಾಪಾರವನ್ನು ಅಷ್ಟು ಎತ್ತಿಹಿಡಿದ ಟಕರನು ತನ್ನನ್ನು ಸಮಾಜವಾದಿಯೆಂದು ಕರೆದುಕೊಂಡದ್ದನ್ನು ಇಂದಿನ ವಾಚಕರು ಮರೆಯಬಾರದು. ಭೂಮಿಯ ಮೇಲೆ ಅದನ್ನು ಬಳಸುವವನಿಗಲ್ಲದೆ ಬೇರೆಯವನಿಗೆ ಹಕ್ಕಿಲ್ಲವೆಂಬುದು ಅವನ ಖಚಿತವಾದ ಮಾತು.

ರಷ್ಯದ ಬಕೂನಿನನಿಗೆ ಇಷ್ಟು ಸಾಲದಾಯಿತು. ಯಂತ್ರ, ಗಣಿ, ವಿಶಾಲವಾದ ಜಮೀನು ಇವು ಒಬ್ಬನ ಅನುಭೋಗಕ್ಕೆ ಸಿಕ್ಕುವ ವಸ್ತುಗಳಲ್ಲ. ಇವು ದುಡಿಯುವವರ ಸಮೂಹಕ್ಕೆ ಸೇರಬೇಕು, ಪ್ರತಿಫಲ ದುಡಿಮೆಗೆ ತಕ್ಕಂತೆ ಹಂಚಿಕೆಯಾಗಬೇಕು ಎಂದು ಅವನು ವಾದಿಸಿದನು. ಈ ಕೆಲಸಕ್ಕೆ ಪ್ರಭುತ್ವವನ್ನು ಬಳಸಿಕೊಳ್ಳಬಹುದೆಂಬ ಮಾರ್ಕ್ಸನ ಪಕ್ಷದೊಡನೆ ಜಗಳವಾಡಿ ೧೮೭೨ರಲ್ಲಿ ಹೇಗ್ ಸಮ್ಮೇಳನದಲ್ಲಿ ಬಹಿಷ್ಕೃತನಾದನು. ಕ್ರೊಪಾಟ್ಕಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಇವನು ಬೆಳೆದದ್ದಿಷ್ಟು, ಅವನು ಬೆಳೆದದ್ದಿಷ್ಟು ಎಂದು ಅಳೆದು ಹೇಳಲು ಯಾರಿಂದಲೂ ಆಗದು, ಏಕೆಂದರೆ ಪ್ರತಿಯೊಂದು ವಸ್ತುವಿನಲ್ಲಿಯೂ ಎಷ್ಟೋ ತಲೆಮಾರುಗಳ ದುಡಿಮೆ ಬೆರೆತಿದೆ. ಆದ್ದರಿಂದ ಹಂಚಿಕೆ ಅವರವರ ಅಗತ್ಯಕ್ಕೆ ತಕ್ಕಂತಿರಬೇಕು ಎಂಬುದು ಅವನ ಸಿದ್ಧಾಂತ. ಈ ಮಾತನ್ನು ಒಂದು ಲೋಟ ಕಾಫಿಯಲ್ಲಿ ಪರೀಕ್ಷಿಸಬಹುದು. ಬೀಜ ಯೆಮನ್ ದೇಶದಿಂದ ಬಾಬಾಬುಡನರ ಜೊತೆ ಬಂದಿತೆಂದು ಐತಿಹ್ಯ. ನೆರಳು ಕಾಡು ಕೊಟ್ಟದ್ದು. ಮಳೆ ಘಟ್ಟ ತಡೆದು ಸುರಿಸಿದ್ದು. ದುಡಿದ ಕೈ ತಮಿಳು ಸೀಮೆಯದು, ಕರಾವಳಿಯದು, ಈಚೆಗೆ ಈಶಾನ್ಯ ರಾಜ್ಯಗಳದೂ ಹೌದು. ಇದರಲ್ಲಿ ಬೆಳೆಗಾರನೊಬ್ಬನ ಪಾಲನ್ನು ತೂಕಮಾಡುವ ತಕ್ಕಡಿ ಎಲ್ಲಿದೆ?

ಇವರೆಲ್ಲರ ತರುವಾಯ ಬಂದ ಕಾರ್ಮಿಕ ಸಂಘವಾದಿಗಳು ಸಿದ್ಧಾಂತದ ತರ್ಕಕ್ಕಿಂತ ಸಾಧನವನ್ನು ಹುಡುಕಿದರು. ಕಾರ್ಮಿಕರ ಸಂಘವೇ ಇಂದಿನ ಹೋರಾಟದ ಆಯುಧ, ನಾಳೆಯ ಉತ್ಪಾದನೆಯ ಆಡಳಿತ ಮಂಡಲಿಯೂ ಅದೇ ಎಂದರು. ೧೯೩೬ರ ಸ್ಪೇನಿನಲ್ಲಿ, ಮುಖ್ಯವಾಗಿ ಕ್ಯಾಟಲೋನಿಯ ಮತ್ತು ಅರಗಾನ್ ಪ್ರಾಂತಗಳಲ್ಲಿ, ಕಾರ್ಖಾನೆಗಳನ್ನೂ ಜಮೀನುಗಳನ್ನೂ ದುಡಿಯುವವರೇ ವಹಿಸಿಕೊಂಡು ನಡೆಸಿದರು. ಅಂತರ್ಯುದ್ಧದ ಬೆಂಕಿಯಲ್ಲಿ ಆ ಪ್ರಯೋಗ ಬಹಳ ದಿನ ಬಾಳಲಿಲ್ಲ.

ಇದುವರೆಗೆ ಹೇಳಿದ ಪಂಥಗಳು ಎಷ್ಟೇ ಕಚ್ಚಾಡಿದರೂ ಬಂಡವಳಶಾಹಿಯನ್ನು ಕುರಿತು ಅವುಗಳ ಅಭಿಪ್ರಾಯ ಒಂದೇ: ಅದೂ ಒಂದು ಆಳ್ವಿಕೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಮರೆ ರಾತ್‌ಬಾರ್ಡ್ ಈ ಒಮ್ಮತವನ್ನು ಮುರಿದನು. ಆಕ್ರಮಣ ಮಾಡುವುದು, ತೆರಿಗೆಯ ಹೆಸರಿನಲ್ಲಿ ಕಿತ್ತುಕೊಳ್ಳುವುದು ಸರಕಾರ ಮಾತ್ರ. ಒಪ್ಪಿ ಮಾಡಿಕೊಂಡ ಕೂಲಿಯ ಕರಾರಿನಲ್ಲಿ ಆಳ್ವಿಕೆಯಿಲ್ಲ. ಆದ್ದರಿಂದ ಪೋಲೀಸು, ನ್ಯಾಯಾಲಯಗಳನ್ನೂ ಸೇರಿಸಿ ಎಲ್ಲವನ್ನೂ ಮಾರುಕಟ್ಟೆಗೆ ಬಿಡಬೇಕೆಂಬುದು ಅವನ ವಾದ. ಯಾರದೂ ಅಲ್ಲದ ನೆಲದಲ್ಲಿ ಮೊದಲು ದುಡಿದವನು ಅದರ ಒಡೆಯ. ಅವನು ಅದನ್ನು ಮಾರಬಹುದು, ಬಾಡಿಗೆಗೆ ಕೊಡಬಹುದು, ದೂರದಲ್ಲಿ ಕುಳಿತು ಲಾಭ ಪಡೆಯಬಹುದು. ಹಳೆಯ ಪಂಥದವರು ಇವನನ್ನು ಅರಾಜಕವಾದಿಯೆಂದೇ ಒಪ್ಪುವುದಿಲ್ಲ. ಅರಸನನ್ನು ಕಳಿಸಿ ಪಾಳೆಯಗಾರನನ್ನು ಇಟ್ಟುಕೊಂಡಂತಾಯಿತು ಎಂಬುದು ಅವರ ಆಕ್ಷೇಪಣೆಯ ಸಾರ.

ಆದುದರಿಂದ ಪಂಥಭೇದದ ಬೇರು ಸರಕಾರ ಬೇಕೆ ಬೇಡವೆ ಎಂಬುದರಲ್ಲಿಲ್ಲ. ಯಾವುದನ್ನು ಆಳ್ವಿಕೆಯೆಂದು ಎಣಿಸಬೇಕು ಎಂಬುದರಲ್ಲಿದೆ. ಈ ಒರೆಗಲ್ಲನ್ನು ಕೈಯಲ್ಲಿ ಹಿಡಿದು ಸಕಲೇಶಪುರದ ಗುಡ್ಡಗಳಿಗೆ ಮರಳೋಣ.

ಗುತ್ತಿಗೆಯ ಹಣ ಕೊಡೆನೆನ್ನುವ ಬೆಳೆಗಾರನ ವಾದ, ಅವನಿಗೆ ತಿಳಿಯದೆಯೇ, ರಾತ್‌ಬಾರ್ಡನ ವಾದ: ನಾನು ದುಡಿದೆ, ಆದ್ದರಿಂದ ನನ್ನದು. ಎರಡು ಮೂರು ಎಕರೆಯಲ್ಲಿ ಹೆಂಡತಿ ಮಕ್ಕಳೊಡನೆ ತಾನೇ ಗೊಬ್ಬರ ಹೊತ್ತು ತಾನೇ ಹಣ್ಣು ಕೊಯ್ಯುವವನ ಬಾಯಲ್ಲಿ ಈ ಮಾತು ಸತ್ಯ. ಅದನ್ನು ಪ್ರೂಧೊನನೂ ಒಪ್ಪುತ್ತಾನೆ. ಆದರೆ ತೋಟ ದೊಡ್ಡದಾದಂತೆ ‘ನಾನು’ ಎಂಬ ಪದ ಸಡಿಲವಾಗುತ್ತದೆ. ದುಡಿದವರು ಲೈನ್‌ಮನೆಯವರು. ಮೊದಲ ದುಡಿಮೆಯೇ ಒಡೆತನದ ಮೂಲವೆಂದಾದರೆ ಆ ಗುಡ್ಡದ ಒಡೆಯರು ಅವರೇ ಆಗಬೇಕಿತ್ತಲ್ಲವೆ? ಕೂಲಿ ಕೊಟ್ಟಾಗಿದೆಯೆಂದು ಉತ್ತರ ಬರುತ್ತದೆ. ಆದರೆ ಕೂಲಿಯ ಕರಾರಿಗೆ ಒಪ್ಪಿದವನ ಹಿಂದೆ ಇದ್ದ ಒತ್ತಾಯ ಯಾವುದು ಎಂಬುದನ್ನು ಇತಿಹಾಸ ಹೇಳುತ್ತದೆ.

ಈ ತಾಲ್ಲೂಕು ಮಂಜರಾಬಾದ್ ಎಂಬ ಹೆಸರಿನಿಂದ ಕರೆಯಲ್ಪಡುತ್ತಿದ್ದ ಕಾಲದಲ್ಲಿ, ೧೮೫೦ರ ದಶಕದಿಂದ, ಯೂರೋಪಿಯನ್ ತೋಟಗಾರರು ಇಲ್ಲಿ ನೆಲೆಸತೊಡಗಿದರು. ಅವರಲ್ಲಿ ರಾಬರ್ಟ್ ಎಲಿಯಟ್ ಎಂಬವನು ತನ್ನ ಅನುಭವಗಳನ್ನು ಪುಸ್ತಕವಾಗಿ ಬರೆದಿಟ್ಟಿದ್ದಾನೆ. ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಕಾಡನ್ನು ಬಂಜರೆಂದು ಬರೆದುಕೊಂಡದ್ದು ಸರಕಾರ. ಅದನ್ನು ತೋಟಕ್ಕೆಂದು ಕೊಟ್ಟದ್ದು ಸರಕಾರ. ಮೊದಲು ಫಸಲಿನ ಮೇಲೆ ಹಾಲತ್ತೆಂಬ ಸುಂಕವನ್ನೂ ಅನಂತರ ಎಕರೆಯ ಮೇಲೆ ಕಂದಾಯವನ್ನೂ ಗೊತ್ತುಮಾಡಿದ್ದು ಸರಕಾರ. ಕಾಫಿಯ ಮೂಟೆ ಕಡಲಿಗೆ ಇಳಿಯಲು ಘಾಟಿಯ ರಸ್ತೆ ಮಾಡಿದ್ದೂ ಸರಕಾರ. ಕೂಲಿಕಾರನನ್ನು ಮೇಸ್ತ್ರಿ ಮುಂಗಡ ಕೊಟ್ಟು ಕಟ್ಟಿಹಾಕಿ ತರುತ್ತಿದ್ದನು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಅಪರಾಧಿಯೆಂದು ಎಣಿಸುವ ೧೮೫೯ರ ಕಾಯಿದೆಯೊಂದು ಬ್ರಿಟಿಷ್ ಇಂಡಿಯದಲ್ಲಿತ್ತು. ತೋಟದ ಮಾಲೀಕರು ಅದನ್ನು ಆಶ್ರಯಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಈ ನಂಟು ಬಿಡಲಿಲ್ಲ. ಕಾಗೋಡಿನ ಗೇಣಿದಾರರು ೧೯೫೧ರಲ್ಲಿ ಎತ್ತಿದ ಕೂಗು ೧೯೭೪ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆಯ ತಿದ್ದುಪಡಿಯಾಗಿ ಫಲಿಸಿತು. ಗದ್ದೆಯ ಗೇಣಿದಾರ ಒಡೆಯನಾದನು. ಕಾಫಿ, ಚಹ, ಏಲಕ್ಕಿ, ಮೆಣಸು, ರಬ್ಬರಿನ ತೋಟಗಳಿಗಾದರೋ ಭೂಮಿತಿಯಿಂದಲೇ ವಿನಾಯಿತಿ ದೊರೆಯಿತು.

ಇಪ್ಪತ್ತೈದು ಎಕರೆಯೆಂಬ ಸಂಖ್ಯೆಯನ್ನೇ ನೋಡಬಹುದು. ೧೯೫೧ರ ತೋಟ ಕಾರ್ಮಿಕರ ಕಾಯಿದೆ ಮೂಲದಲ್ಲಿ ಇಪ್ಪತ್ತೈದು ಎಕರೆಯನ್ನು ಮುಟ್ಟಿದ ತೋಟಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಅದಕ್ಕಿಂತ ಕಡಮೆಯ ತೋಟದಲ್ಲಿ ದುಡಿದವನಿಗೆ ಆ ಕಾಯಿದೆಯ ಮನೆಯೂ ಇಲ್ಲ, ಔಷಧಿಯೂ ಇಲ್ಲ. ಕಾಫಿ ಬೋರ್ಡಿನ ಲೆಕ್ಕದಲ್ಲಿ ಸಣ್ಣ ಬೆಳೆಗಾರನೆಂದರೆ ಹತ್ತು ಹೆಕ್ಟೇರಿನವರೆಗೆ ಉಳ್ಳವನು. ಅದೂ ಸುಮಾರು ಇಪ್ಪತ್ತೈದು ಎಕರೆ. ಈಗ ಗುತ್ತಿಗೆಯ ಮಿತಿಯೂ ಇಪ್ಪತ್ತೈದು ಎಕರೆ. ಎರಡು ಎಕರೆಯವನೂ ಇಪ್ಪತ್ತು ಎಕರೆಯವನೂ ಒಂದೇ ಹೆಸರಿನಡಿ ಸಣ್ಣವರಾಗುತ್ತಾರೆ. ಸಣ್ಣವನ ಹೆಸರಿನಲ್ಲಿ ಬಂದ ಸೌಲಭ್ಯದ ದೊಡ್ಡ ಪಾಲು ದೊಡ್ಡವನ ಕಡೆಗೆ ಸರಿಯಲು ಹಾದಿಯಾಗುತ್ತದೆ. ಸಣ್ಣವನಾರೆಂದು ಗೆರೆ ಎಳೆಯುವ ಅಧಿಕಾರವೂ ಒಂದು ಹುಕುಮೇ ತಾನೆ? ಬಂಡವಳ ಈ ಗುಡ್ಡಗಳನ್ನು ಸರಕಾರದ ಕೈಹಿಡಿದೇ ಹತ್ತಿತು. ಸರಕಾರವನ್ನು ಕಳೆದು ಬಂಡವಳವನ್ನು ಉಳಿಸಿಕೊಳ್ಳುವ ಸಿದ್ಧಾಂತಕ್ಕೆ ಇಲ್ಲಿ ನೆಲೆ ಸಿಕ್ಕುವುದು ಕಷ್ಟ. ನ್ಯಾಯವಾಗಿ ಹೇಳಬೇಕಾದರೆ, ಸರಕಾರ ಕೊಟ್ಟಿತೆಂಬ ಕಾರಣದಿಂದಲೇ ಒಡೆತನ ಸಿಂಧುವಾಗದೆಂದು ರಾತ್‌ಬಾರ್ಡನೂ ಒಪ್ಪಿದ್ದಾನೆ. ಅವನ ತರ್ಕವನ್ನು ಕೊನೆಯವರೆಗೂ ಎಳೆದರೆ ಅವನ ಶಿಷ್ಯರಿಗೇ ಇಲ್ಲಿ ಮುಜುಗರವಾದೀತು.

ಆದರೆ ಸರಕಾರವೇ ವ್ಯಾಪಾರಿಯಾದಾಗ ಏನಾಯಿತೆಂಬುದನ್ನೂ ಮರೆಮಾಚಬಾರದು. ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿಹೋದಾಗ ಕಾಫಿ ಬೆಳೆಗಾರನನ್ನು ಉಳಿಸಲು ಪೂಲ್ ಪದ್ಧತಿ ಬಂದಿತು. ೧೯೪೨ರ ಕಾಯಿದೆ ಅದನ್ನು ಭದ್ರಗೊಳಿಸಿತು. ಬಿತ್ತನೆಗೂ ಮನೆಬಳಕೆಗೂ ಬೇಕಾದಷ್ಟನ್ನು ಬಿಟ್ಟು ಉಳಿದುದೆಲ್ಲವನ್ನೂ ಬೋರ್ಡಿಗೆ ಒಪ್ಪಿಸಬೇಕು. ಬೋರ್ಡು ಹರಾಜು ಹಾಕಿ ಮಾರಿ, ಬಂದ ಹಣವನ್ನು ಕಂತುಕಂತಾಗಿ ಕೊಡಬೇಕು. ಯುದ್ಧ ಮುಗಿದು ಅರ್ಧ ಶತಮಾನವಾದರೂ ಪೂಲ್ ಮುಗಿಯಲಿಲ್ಲ. ತಾನು ಬೆಳೆದದ್ದನ್ನು ತಾನು ಮಾರುವ ಸ್ವಾತಂತ್ರ್ಯವಿಲ್ಲದೆ, ಹಿಂದಿನ ಫಸಲಿನ ಕೊನೆಯ ಕಂತಿಗಾಗಿ ಮುಂದಿನ ಫಸಲಿನವರೆಗೆ ಕಾಯ್ದ ಬೆಳೆಗಾರನ ಸಂಕಟ ನಿಜವಾದದ್ದು. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲವಾದ ಈ ಪದ್ಧತಿ ೧೯೯೬ರಲ್ಲಿ ಪೂರ್ತಿಯಾಗಿ ಹೋದಾಗ ಕಾಫಿಯ ಸೀಮೆ ಬಿಡುಗಡೆಯ ಉಸಿರುಬಿಟ್ಟಿತು.

ಆ ದಶಕದಲ್ಲಿಯೇ ಭಾರತದ ರೈತ ಚಳವಳಿ ಎರಡಾಗಿ ಒಡೆಯಿತು. ಮಹಾರಾಷ್ಟ್ರದ ಶರದ್ ಜೋಶಿಯವರೂ ಕರ್ನಾಟಕದ ಎಂ. ಡಿ. ನಂಜುಂಡಸ್ವಾಮಿಯವರೂ ರೈತನ ಶತ್ರು ದೆಹಲಿಯಲ್ಲಿದ್ದಾನೆಂದು ಹೇಳಿದವರು. ತಮ್ಮನ್ನು ಯಾವುದಾದರೊ ಅರಾಜಕ ಪಂಥಕ್ಕೆ ಸೇರಿಸಬೇಕೆಂದು ಅವರು ಕೇಳಿಲ್ಲ; ಆದರೆ ಅವರ ಭೇದ ನಾವು ಮೇಲೆ ಕಂಡ ಭೇದವೇ. ಸರಕಾರದ ಲೆವಿ, ನಿರ್ಬಂಧ, ಬೆಲೆನಿಯಂತ್ರಣಗಳೇ ರೈತನ ಸಂಕೋಲೆ, ಅವು ಕಳಚಿದರೆ ಜಗತ್ತಿನ ಪೇಟೆಯಲ್ಲಿ ಅವನು ತಲೆಯೆತ್ತಿ ನಿಲ್ಲುವನು ಎಂದ ಜೋಶಿಯವರು ಡಂಕೆಲ್ ಪ್ರಸ್ತಾವವನ್ನು ಸ್ವಾಗತಿಸಿದರು. ನಂಜುಂಡಸ್ವಾಮಿಯವರಾದರೋ ಸರಕಾರದ ಹಿಂದೆ ಬಹುರಾಷ್ಟ್ರೀಯ ಬಂಡವಳವನ್ನು ಕಂಡರು. ೧೯೮೦ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘ, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಹಳ್ಳಿಯ ಬಾಗಿಲಿನಲ್ಲಿ ಫಲಕ ನೆಟ್ಟ ಸಂಘ. ಹುಕುಂ ಕೊಡುವ ಕೈಯನ್ನೇ ತಿರುಗಿಸಿದ ಸಂಘ. ಅದೇ ಸಂಘ ೧೯೯೨ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿತು. ೧೯೯೯ರಲ್ಲಿ ಜಗತ್ತಿನ ನಾನಾ ಕಡೆಯ ಬಂಡವಳವಿರೋಧಿ ಚಳವಳಿಗಳ ಸಮ್ಮೇಳನ ಬೆಂಗಳೂರಿನಲ್ಲಿ ನಡೆಯಿತು. ಯೂರೋಪಿನ ಅರಾಜಕವಾದಿ ತರುಣರೂ ನಮ್ಮ ಹಸಿರು ಶಾಲಿನ ರೈತರೂ ಒಂದೇ ಜಾಲದೊಳಗೆ ಸೇರಿದ ಕಾಲವದು.

ಕಾಫಿಯ ಮಟ್ಟಿಗೆ ಇಬ್ಬರಲ್ಲಿ ಯಾರು ಸರಿ? ಪೂಲ್ ಹೋದ ಮರುವರ್ಷಗಳಲ್ಲಿ ಧಾರಣೆ ಏರಿದಾಗ ಜೋಶಿಯವರ ತರ್ಕ ಗೆದ್ದಂತೆ ಕಂಡಿತು. ೨೦೦೧ರಲ್ಲಿ ಜಗತ್ತಿನ ಕಾಫಿಯ ಧಾರಣೆ ಕೆಲವು ದಶಕಗಳಲ್ಲಿಯೇ ಅತ್ಯಂತ ಕೆಳಗೆ ಕುಸಿದಾಗ, ಸಾಲದಲ್ಲಿ ಮುಳುಗಿದ ಬೆಳೆಗಾರ ತಾನು ಬೈದ ಸರಕಾರದ ಬಾಗಿಲಿಗೇ ಹೋಗಬೇಕಾಯಿತು. ಅರೇಬಿಕದ ಬೆಲೆ ನ್ಯೂಯಾರ್ಕಿನಲ್ಲಿ, ರೊಬಸ್ಟದ ಬೆಲೆ ಲಂಡನ್ನಿನಲ್ಲಿ ಗೊತ್ತಾಗುತ್ತದೆ. ಬ್ರೆಜಿಲಿನ ಒಂದು ರಾತ್ರಿಯ ಹಿಮ ಮಾರನಹಳ್ಳಿಯ ಮದುವೆಯನ್ನು ಮುಂದಕ್ಕೆ ಹಾಕಬಲ್ಲುದು ಅಥವಾ ಹತ್ತಿರ ತರಬಲ್ಲುದು. ೨೦೨೫ರ ಆರಂಭದಲ್ಲಿ ಅದೇ ನ್ಯೂಯಾರ್ಕಿನ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಒತ್ತುವರಿಯ ಒಂದೊಂದು ಎಕರೆಗೂ ಬೆಲೆ ಬಂದಿತು, ಗುತ್ತಿಗೆಯ ವಿವಾದಕ್ಕೆ ಕಾವೂ ಬಂದಿತು. ಹುಕುಂ ಇಲ್ಲವಾಗಲಿಲ್ಲ, ಅದನ್ನು ಕೊಡುವವನ ಮುಖ ಮಾತ್ರ ಕಾಣದಾಯಿತು. ಬೋರ್ಡಿನ ಅಧಿಕಾರಿಯ ಮುಂದೆ ಧರಣಿ ಕೂರಬಹುದಿತ್ತು. ವಾಯಿದೆ ಪೇಟೆಯ ಮುಂದೆ ಧರಣಿ ಕೂರಲು ಜಾಗವೆಲ್ಲಿ?

ಸರಕಾರದ ಪೂಲೂ ಬೇಡ, ಕಾಣದ ಪೇಟೆಯೂ ಬೇಡವೆಂದರೆ ಪ್ರೂಧೊನನ ದಾರಿ ಉಳಿಯುತ್ತದೆ. ಅದಕ್ಕೆ ನಿದರ್ಶನ ಬೇಕಾದವರು ಮಾರನಹಳ್ಳಿಯಿಂದ ಘಾಟಿ ಇಳಿದು ಪುತ್ತೂರಿನವರೆಗೆ ಹೋದರೆ ಸಾಕು. ಅಡಕೆಯ ಧಾರಣೆ ನೆಲಕಚ್ಚಿದ್ದ ಕಾಲದಲ್ಲಿ, ೧೯೭೩ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಕೇರಳಗಳ ಬೆಳೆಗಾರರು ಸೇರಿ ಕ್ಯಾಂಪ್ಕೊ ಸಹಕಾರ ಸಂಘವನ್ನು ಕಟ್ಟಿದರು. ಕೋಕೋವಿನ ಬೆಲೆ ಬಿದ್ದು ಬೆಳೆಗಾರ ಕಂಗೆಟ್ಟಾಗ ಅದನ್ನೂ ಕೊಂಡು, ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ನಿಲ್ಲಿಸಿದರು. ಸರಕಾರದ ನೆರವು ಅದಕ್ಕೆ ಇರಲಿಲ್ಲವೆಂದಲ್ಲ. ಆದರೆ ಬೆಳೆದವರೇ ಕೂಡಿ ಮಾರಬಲ್ಲರೆಂಬುದನ್ನು ಅದು ತೋರಿಸಿಕೊಟ್ಟಿತು. ಅಲ್ಲಿಯೂ ಬಕೂನಿನನ ಪ್ರಶ್ನೆ ಬಿಡುವುದಿಲ್ಲ: ಸಂಘದ ಸದಸ್ಯನಾಗುವವನು ಬೆಳೆಗಾರ, ತೋಟದಲ್ಲಿ ದುಡಿಯುವವನು ಯಾವ ಸಂಘದ ಸದಸ್ಯ?

ಕ್ರೊಪಾಟ್ಕಿನನ ಪರಸ್ಪರ ಸಹಾಯಕ್ಕೂ ಮಲೆನಾಡಿನಲ್ಲಿ ಹಳೆಯ ಹೆಸರುಂಟು: ಮುಯ್ಯಾಳು. ನಾಟಿಯ ದಿನ ನಿನ್ನ ಗದ್ದೆಗೆ ನಾನು, ನನ್ನ ಗದ್ದೆಗೆ ನೀನು; ಹಣವೂ ಇಲ್ಲ, ಯಜಮಾನನೂ ಇಲ್ಲ. ಇದನ್ನು ನೆನೆದು ಪುಲಕಗೊಳ್ಳುವವರು ಒಂದು ವಿಷಯವನ್ನು ಗಮನಿಸಬೇಕು. ಮುಯ್ಯಿ ನಡೆದದ್ದು ಸಮಾನರ ನಡುವೆ. ಜೀತದಾಳಿಗೆ ಮುಯ್ಯಿ ತೀರಿಸುವವರಿರಲಿಲ್ಲ, ಏಕೆಂದರೆ ಅವನಿಗೆ ಗದ್ದೆಯಿರಲಿಲ್ಲ. ಅವನನ್ನು ಆಳಿದ್ದು ದೂರದ ಸರಕಾರವೂ ಅಲ್ಲ, ನ್ಯೂಯಾರ್ಕಿನ ಪೇಟೆಯೂ ಅಲ್ಲ. ಪಕ್ಕದ ಕೇರಿಯ ಜಾತಿ. ಯೂರೋಪಿನ ಅರಾಜಕವಾದಿಗಳ ಪಟ್ಟಿಯಲ್ಲಿ ಈ ಆಳ್ವಿಕೆಗೆ ಹೆಸರಿಲ್ಲ. ಹಳ್ಳಿಯನ್ನು ಗಣರಾಜ್ಯವೆಂದು ಹೊಗಳುವವರನ್ನು ಅಂಬೇಡ್ಕರರು ೧೯೪೮ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಖಂಡಿಸಿದ್ದು ಈ ಅನುಭವದಿಂದಲೇ. ಜೀತವನ್ನು ೧೯೭೬ರಲ್ಲಿ ರದ್ದುಮಾಡಿದ್ದು ಸರಕಾರದ ಕಾಯಿದೆ ಎಂಬುದನ್ನೂ, ಸರಕಾರವನ್ನು ಬೇಡವೆನ್ನುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗಾಂಧೀಜಿ ೧೯೧೬ರಲ್ಲಿ ಕಾಶಿಯ ಸಭೆಯಲ್ಲಿ ತಾವೂ ಒಂದು ಬಗೆಯ ಅರಾಜಕವಾದಿಯೆಂದೂ ತಮ್ಮ ಬಗೆ ಬೇರೆಯೆಂದೂ ಹೇಳಿದರು. ಒಡೆಯನು ಧರ್ಮದರ್ಶಿಯಾಗಲಿ ಎಂದು ಬಂಡವಳದ ಮನಸ್ಸನ್ನು ನಂಬಿದರು. ವಿನೋಬಾ ಅವರು ಅದನ್ನು ಭೂದಾನವಾಗಿ, ಅನಂತರ ಭೂಮಿಯ ಒಡೆತನವನ್ನೇ ಗ್ರಾಮಸಭೆಗೆ ಒಪ್ಪಿಸುವ ಗ್ರಾಮದಾನವಾಗಿ ಮಾಡಿದರು. ೧೯೫೭ರ ಸೆಪ್ಟೆಂಬರಿನಲ್ಲಿ ಮೈಸೂರಿನ ಬಳಿಯ ಇಲವಾಲದಲ್ಲಿ ನೆಹರೂ ಅವರೂ ನಾನಾ ಪಕ್ಷಗಳ ನಾಯಕರೂ ಕೂಡಿ ಗ್ರಾಮದಾನಕ್ಕೆ ಒಪ್ಪಿಗೆ ಸೂಚಿಸಿದರು. ಆ ಒಪ್ಪಿಗೆಯ ಬಹುಭಾಗ ಕಾಗದದಲ್ಲಿಯೇ ಉಳಿಯಿತು. ಕೊಡುವವನ ಕೃಪೆಯನ್ನು ಕಾಯುವ ನ್ಯಾಯಕ್ಕೆ ನಡಿಗೆ ನಿಧಾನ. ಆದರೂ ಹುಕುಮನ್ನು ಸರಕಾರದಿಂದ ಗ್ರಾಮಸಭೆಗೆ ಇಳಿಸಬೇಕೆಂಬ ಅದರ ತಿರುಳು ಸುಳ್ಳಾಗಿಲ್ಲ.

ಇಷ್ಟನ್ನೂ ಮುಂದಿರಿಸಿಕೊಂಡು ಗುತ್ತಿಗೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಹೇಳಬಹುದು. ಸ್ವಂತ ಕೈಯಿಂದ ದುಡಿಯುವ ಸಣ್ಣ ಹಿಡುವಳಿಯವನ ಸಾಗುವಳಿಯನ್ನು ಗುತ್ತಿಗೆಯ ಅನಿಶ್ಚಯದಲ್ಲಿ ತೂಗುಹಾಕದೆ ಸ್ಥಿರವಾದ ಹಕ್ಕಾಗಿ ಒಪ್ಪಬೇಕು. ಅವನನ್ನು ದೊಡ್ಡ ಒತ್ತುವರಿದಾರನ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಪರರ ಕೂಲಿಯಿಂದ ನಡೆಯುವ ಒತ್ತುವರಿಗೆ ದುಡಿಮೆಯ ಹೆಸರಿನಲ್ಲಿ ವಿನಾಯಿತಿ ಸಲ್ಲದು. ಅಂಥ ಭೂಮಿಯಲ್ಲಿ ಮೊದಲ ಹಕ್ಕು ಅಲ್ಲಿ ದುಡಿದವರದು ಮತ್ತು ಆ ಊರಿನ ಭೂಹೀನರದು. ಅವರು ಒಬ್ಬೊಬ್ಬರಾಗಿ ಸಾಗಿಸಲಾರದಷ್ಟನ್ನು ಕೂಡಿ ಸಾಗಿಸಲು ಸಹಕಾರದ ಹಾದಿಯಿದೆ. ಗೋಮಾಳ, ನೀರಿನ ತಾವು, ಸೌದೆ ಸೊಪ್ಪಿನ ಕಾಡು ಇವು ಗುತ್ತಿಗೆಗೆ ಕೊಡತಕ್ಕ ವಸ್ತುಗಳಲ್ಲ. ಯಾವ ಭೂಮಿ ಯಾವ ಬಗೆಯದೆಂಬ ತೀರ್ಮಾನ ತಾಲ್ಲೂಕು ಕಚೇರಿಯ ಮುಚ್ಚಿದ ಕೋಣೆಯಲ್ಲಿ ಆಗದೆ ಗ್ರಾಮಸಭೆಯ ಎದುರಿನಲ್ಲಿ ಆಗಬೇಕು. ಆ ಸಭೆಯಲ್ಲಿ ಲೈನ್‌ಮನೆಯವನಿಗೂ ಕೇರಿಯವನಿಗೂ ಬಾಯಿಬಿಡುವ ಧೈರ್ಯ ಬರುವವರೆಗೆ ಕಾಯಿದೆಯ ಬೆಂಬಲ ಅವರ ಬೆನ್ನಿಗಿರಬೇಕು.

ಇದರಲ್ಲಿ ಯಾವ ಒಂದು ಪಂಥವೂ ಪೂರ್ತಿಯಾಗಿ ಗೆಲ್ಲುವುದಿಲ್ಲ. ಅನುಭೋಗದ ಭೇದ ಪ್ರೂಧೊನನದು, ದುಡಿದವರ ಸಮೂಹದ ಹಕ್ಕು ಬಕೂನಿನನದು, ಗ್ರಾಮಸಭೆ ವಿನೋಬಾ ಅವರದು, ಕಾಯಿದೆಯ ಕಾವಲು ಅಂಬೇಡ್ಕರರದು. ಅರಾಜಕವಾದಿಗಳ ಆದರ್ಶ ನಮ್ಮ ಕಾಲದಲ್ಲಿ ಈಡೇರುವುದೆಂಬ ಭ್ರಮೆ ಯಾರಿಗೂ ಬೇಡ. ಅವರಿಂದ ನಾವು ಪಡೆಯಬಹುದಾದದ್ದು ಒಂದು ಅಭ್ಯಾಸ: ಯಾವುದೇ ಅಧಿಕಾರ, ಯಾವುದೇ ಒಡೆತನ ಎದುರಿಗೆ ಬಂದಾಗ ಅದರ ಆಗಮವನ್ನು ಕೇಳುವುದು. ಸರಕಾರವನ್ನು ಮಾತ್ರ ಕೇಳಿ ಒಡೆಯನನ್ನು ಕೇಳದವನೂ, ಒಡೆಯನನ್ನು ಮಾತ್ರ ಕೇಳಿ ಜಾತಿಯನ್ನು ಕೇಳದವನೂ ಅರ್ಧಕ್ಕೆ ನಿಂತವರು. ಗುತ್ತಿಗೆಯ ಅರ್ಜಿಗಳನ್ನು ತೀರ್ಮಾನಿಸಲು ಕುಳಿತವರು ಈ ಮೂರನ್ನೂ ಕೇಳಿದರೆ ಮಾತ್ರ, ಮೂವತ್ತು ವರ್ಷಗಳ ಮೇಲೆ ಈ ಗುಡ್ಡಗಳಲ್ಲಿ ಹುಟ್ಟಿ ಬೆಳೆದಿರುವ ಮಕ್ಕಳು ಇದೇ ಜಗಳವನ್ನು ಮತ್ತೆ ಮೊದಲಿನಿಂದ ಆಡಬೇಕಾಗಿ ಬರುವುದಿಲ್ಲ.